ರ‍್ಯಾಪ್ ಕೇಳುವುದು ಹೇಗೆ? ಹೊಸಬರಿಗೊಂದು ಪಾಠ

"ಇದು ಹಾಡೋ, ಮಾತೋ?" ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದಂಥ ಊರಿನಲ್ಲಿ ಮಕ್ಕಳ ಮೊಬೈಲಿನಿಂದ ರ‍್ಯಾಪ್ ಕೇಳಿಬಂದಾಗ ಹಿರಿಯರು ಮೊದಲು ಕೇಳುವ ಪ್ರಶ್ನೆ ಇದು. ಪ್ರಶ್ನೆ ಸರಿಯಾಗಿಯೇ ಇದೆ, ಅಲ್ಲಿಂದಲೇ ಶುರುಮಾಡೋಣ. ರ‍್ಯಾಪ್ ಎಂದರೆ ತಾಳಕ್ಕೆ ಕೂರಿಸಿದ ಮಾತು. ಇಲ್ಲಿ ರಾಗ ಹಿಂದೆ ಸರಿದಿರುತ್ತದೆ, ಲಯ ಮತ್ತು ಪ್ರಾಸ ಮುಂದೆ ನಿಂತಿರುತ್ತವೆ. ಹಿಪ್‌ಹಾಪ್, ಆರ್ ಅಂಡ್ ಬಿ ಮುಂತಾದ ಪ್ರಕಾರಗಳನ್ನು ಅಮೆರಿಕದ ರೇಡಿಯೊದವರು 1970ರ ದಶಕದಿಂದ 'ಅರ್ಬನ್' ಎಂಬ ಒಂದೇ ಗುಂಪಿಗೆ ಸೇರಿಸಿದರು. ಅವುಗಳಲ್ಲಿ ಜಗತ್ತನ್ನೆಲ್ಲ ಸುತ್ತಿ ನಮ್ಮೂರಿನವರೆಗೂ ಬಂದದ್ದು ಹಿಪ್‌ಹಾಪ್. ರ‍್ಯಾಪ್ ಅದರ ಮಾತಿನ ಭಾಗ.

ಹಿಪ್‌ಹಾಪ್ ಹುಟ್ಟಿದ್ದು ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಎಂಬ ಬಡ ಪ್ರದೇಶದಲ್ಲಿ. ಹೆದ್ದಾರಿಗಾಗಿ ಅಲ್ಲಿ ಕೇರಿಗಳನ್ನೇ ಕೆಡವಿದ್ದರು, ಕೆಲಸಗಳು ಹೋಗಿದ್ದವು, ಕಟ್ಟಡಗಳು ಸುಟ್ಟು ಪಾಳುಬಿದ್ದಿದ್ದವು. 1973ರ ಆಗಸ್ಟ್ 11ರಂದು ಸೆಡ್ಜ್‌ವಿಕ್ ಅವೆನ್ಯೂವಿನ 1520ನೇ ನಂಬರಿನ ಕಟ್ಟಡದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ, ಶಾಲೆಗೆ ಹೊಸ ಬಟ್ಟೆ ಕೊಳ್ಳಲು ದುಡ್ಡು ಹೊಂದಿಸಬೇಕೆಂದು ಟಿಕೆಟ್ ಇಟ್ಟು ಒಂದು ಪಾರ್ಟಿ ಮಾಡಿದಳು. ಅಲ್ಲಿ ರೆಕಾರ್ಡು ಹಾಕಿದವನು ಅವಳ ಅಣ್ಣ, 18 ವರ್ಷದ ಕ್ಲೈವ್. ಕುಟುಂಬ ಜಮೈಕಾದಿಂದ ವಲಸೆ ಬಂದದ್ದು. ಲೋಕಕ್ಕೆ ಅವನು ಡಿಜೆ ಕೂಲ್ ಹರ್ಕ್.

ಹರ್ಕ್ ಒಂದು ವಿಷಯ ಗಮನಿಸಿದ್ದ. ಹಾಡಿನ ನಡುವೆ ದನಿ ನಿಂತು ಬರೀ ಡ್ರಮ್ಮು ಬಾರಿಸುವ ಕೆಲವು ಕ್ಷಣಗಳಿಗಾಗಿಯೇ ಕುಣಿಯುವವರು ಕಾಯುತ್ತಿದ್ದರು. ಅವನು ಒಂದೇ ರೆಕಾರ್ಡಿನ ಎರಡು ಪ್ರತಿ ತಂದು, ಎರಡು ಟರ್ನ್‌ಟೇಬಲ್ ಮೇಲಿಟ್ಟು, ಒಂದರಲ್ಲಿ ಡ್ರಮ್ಮಿನ ಭಾಗ ಮುಗಿಯುತ್ತಲೇ ಇನ್ನೊಂದರಲ್ಲಿ ಅದನ್ನೇ ಮತ್ತೆ ಹಾಕತೊಡಗಿದ. ಸೆಕೆಂಡುಗಳ ತಾಳ ನಿಮಿಷಗಟ್ಟಲೆ ಹರಿಯಿತು. ಆ ತಾಳದ ಮೇಲೆ ಮೈಕ್ ಹಿಡಿದು ಜನರನ್ನು ಹುರಿದುಂಬಿಸಿದ ಮಾತುಗಳೇ ಬೆಳೆದು ರ‍್ಯಾಪ್ ಆದವು. ವಾದ್ಯ ಕೊಳ್ಳಲಾಗದವರು ಹಳೆಯ ರೆಕಾರ್ಡುಗಳಿಂದಲೇ ಹೊಸ ಸಂಗೀತ ಕಟ್ಟಿದರು ಎಂಬುದನ್ನು ನೆನಪಿಡಿ. ಇದು ಲೋಕಪ್ರಿಯವಾದದ್ದಕ್ಕೆ ಮುಖ್ಯ ಕಾರಣ ಅಲ್ಲೇ ಇದೆ. ಮೇಳ ಬೇಡ, ವರ್ಷಗಟ್ಟಲೆ ಶಾಸ್ತ್ರಾಭ್ಯಾಸ ಬೇಡ, ತಾಳವೊಂದಿದ್ದರೆ ಯಾವ ಭಾಷೆಯನ್ನಾದರೂ ಅದರ ಮೇಲೆ ಕೂರಿಸಬಹುದು.

1979ರಲ್ಲಿ ಶುಗರ್‌ಹಿಲ್ ಗ್ಯಾಂಗಿನ 'ರ‍್ಯಾಪರ್ಸ್ ಡಿಲೈಟ್' ರೇಡಿಯೊಗಳಲ್ಲಿ ಜಯಭೇರಿ ಬಾರಿಸಿತು. 1982ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡದ 'ದ ಮೆಸೇಜ್' ಬಡಕೇರಿಯ ಬದುಕನ್ನು ಇದ್ದಂತೆ ಹೇಳಿತು. 2018ರಲ್ಲಿ ಕೆಂಡ್ರಿಕ್ ಲಮಾರ್ ಅವರ ಆಲ್ಬಮ್ಮಿಗೆ ಸಂಗೀತದ ಪುಲಿಟ್ಜರ್ ಪ್ರಶಸ್ತಿ ಬಂತು. ಅದುವರೆಗೆ ಆ ಗೌರವ ಶಾಸ್ತ್ರೀಯ ಮತ್ತು ಜಾಝ್ ಸಂಗೀತದವರಿಗಷ್ಟೇ ಸಂದಿತ್ತು.

ನಮ್ಮಲ್ಲಿ 1990ರ ದಶಕದ ಆರಂಭದಲ್ಲಿ ಬಾಬಾ ಸೆಹಗಲ್ ಹಿಂದಿಯಲ್ಲಿ ರ‍್ಯಾಪ್ ಹೇಳಿದರು. 2019ರ 'ಗಲ್ಲಿ ಬಾಯ್' ಸಿನಿಮಾ ಮುಂಬೈ ಕೊಳೆಗೇರಿಯ ರ‍್ಯಾಪರ್‌ಗಳನ್ನು ಮನೆಮನೆಗೆ ತಲುಪಿಸಿತು. ಕನ್ನಡದಲ್ಲಿ ಆಲ್ ಓಕೆ, ರಾಹುಲ್ ಡಿಟ್ಟೊ, ಎಂಸಿ ಬಿಜ್ಜು ದಾರಿ ಮಾಡಿದವರು. ಚಂದನ್ ಶೆಟ್ಟಿಯವರ '3 ಪೆಗ್' ಹಳ್ಳಿಯ ಮದುವೆ ಮೆರವಣಿಗೆಗೂ ಬಂತು, 2018ರಲ್ಲಿ ಅವರು ಬಿಗ್ ಬಾಸ್ ಗೆದ್ದರು. ಬೆಂಗಳೂರಿನಲ್ಲಿ ನೆಲೆಸಿದ ಹನುಮಾನ್‌ಕೈಂಡ್ 2024ರಲ್ಲಿ 'ಬಿಗ್ ಡಾಗ್ಸ್' ಹಾಡಿನಿಂದ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ 23ನೇ ಸ್ಥಾನಕ್ಕೇರಿದರು. ಆ ವಿಡಿಯೊ ನೋಡಿ: ಜಾತ್ರೆಗಳಲ್ಲಿ ಮರದ ಬಾವಿಯ ಗೋಡೆ ಮೇಲೆ ಬೈಕು ಓಡಿಸುತ್ತಾರಲ್ಲ, ಆ ಬಾವಿಯೊಳಗೇ ಚಿತ್ರೀಕರಿಸಿದ್ದಾರೆ. ಲೋಕ ಬೆರಗಾದದ್ದು ನಮಗೆ ಚೆನ್ನಾಗಿ ಗೊತ್ತಿರುವ ನೋಟಕ್ಕೆ.

ಈಗ ಕೇಳುವ ಪಾಠ. ಮೊದಲು ಮಾತನ್ನು ಬಿಟ್ಟು ತಾಳ ಹಿಡಿಯಿರಿ. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿ ಎರಡಕ್ಕೂ ನಾಲ್ಕಕ್ಕೂ ಚಪ್ಪಾಳೆ ತಟ್ಟಿ. ಬಹುಪಾಲು ಹಾಡುಗಳಲ್ಲಿ ಡ್ರಮ್ಮಿನ ಚುರುಕು ಪೆಟ್ಟು ಬೀಳುವುದು ಅಲ್ಲೇ. ಎರಡನೆಯ ಸಲ ಮಾತು ಆ ಪೆಟ್ಟಿನ ಮೇಲೆ ಬೀಳುತ್ತದೋ, ಮುಂಚೆ ನುಗ್ಗುತ್ತದೋ, ತಡೆದು ಬರುತ್ತದೋ ಗಮನಿಸಿ. ರ‍್ಯಾಪರ್‌ಗಳು 'ಫ್ಲೋ' ಎನ್ನುವುದು ಇದಕ್ಕೆ. ಮೂರನೆಯ ಸಲ ಪ್ರಾಸ ನೋಡಿ. ಕನ್ನಡದಲ್ಲಿ ಕ್ರಿಯಾಪದ ಸಾಲಿನ ಕೊನೆಗೆ ಬರುವುದರಿಂದ 'ಬರ್ತಾನೆ, ಹೋಗ್ತಾನೆ' ಎಂದು ಅಂತ್ಯಪ್ರಾಸ ತಾನಾಗಿ ಸಿಕ್ಕಿಬಿಡುತ್ತದೆ. ಅದರಲ್ಲಿ ಹೆಚ್ಚುಗಾರಿಕೆಯಿಲ್ಲ. ಸಾಲಿನ ನಡುವೆ, ಅನಿರೀಕ್ಷಿತ ಪದಗಳಲ್ಲಿ ಪ್ರಾಸ ಕೂಡಿಸುವವನೇ ಕಸುಬುದಾರ. ವೇಗದ ಭರದಲ್ಲಿ ಹ್ರಸ್ವ ದೀರ್ಘ ಕೆಟ್ಟರೆ 'ಬಾಳೆ' ಹೋಗಿ 'ಬಳೆ' ಆಗುತ್ತದೆ, ಅದನ್ನೂ ಗಮನಿಸಿ. ಕೊನೆಗೆ ಕೇಳಿಕೊಳ್ಳಿ: ಇವನು ಯಾರ ಬದುಕಿನ ಕಥೆ ಹೇಳುತ್ತಿದ್ದಾನೆ? ಕುಡಿತ, ಕಾರು, ಹೆಣ್ಣನ್ನು ಹೀಗಳೆಯುವ ಮಾತು ಈ ಸಂಗೀತದಲ್ಲಿ ಸಾಕಷ್ಟಿವೆ. ಅವನ್ನು ಮೆಚ್ಚಬೇಕಿಲ್ಲ. ಹಾಗೆಂದು ಇಡೀ ಪ್ರಕಾರವನ್ನೇ ತಳ್ಳಿಹಾಕಿದರೆ ನಷ್ಟ ನಮಗೇ.

ನಮ್ಮ ಸೀಮೆಗೆ ಲಯದ ಮಾತು ಹೊಸದಲ್ಲ. ಕಾಡುಗೊಲ್ಲರಲ್ಲಿ ಗಣೆ ನುಡಿಸಿ ಜುಂಜಪ್ಪನ ಪದ ಹೇಳುವವರಿದ್ದಾರೆ, ಮ್ಯಾಸಬೇಡರ ದೇವರ ಉತ್ಸವಗಳಲ್ಲಿ ಉರುಮೆ ಮೊಳಗುತ್ತದೆ. ಇದೇ ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಓದು ಬರಹ ಬಾರದೆಯೂ ಸಾವಿರಾರು ಪದಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದವರು. ಕೃಷ್ಣಮೂರ್ತಿ ಹನೂರರು ಅವನ್ನು ಬರೆದುಕೊಂಡು ನಾಡಿಗೆ ತೋರಿಸಿದರು. ರ‍್ಯಾಪ್ ಇವುಗಳಿಂದ ಹುಟ್ಟಿತು ಎಂದರೆ ಸುಳ್ಳಾಗುತ್ತದೆ, ಅದರ ವಂಶ ಬೇರೆ. ಆದರೆ ಎರಡೂ ಕೂಡಬಲ್ಲವು. ತಮಿಳಿನ ರ‍್ಯಾಪರ್ ಅರಿವು 2021ರ 'ಎಂಜಾಯ್ ಎಂಜಾಮಿ'ಯಲ್ಲಿ ತಮ್ಮ ಅಜ್ಜಿಯ ಬಾಳನ್ನೂ ಭೂಮಿಯಿಲ್ಲದವರ ನೋವನ್ನೂ ರ‍್ಯಾಪಿಗೆ ತಂದರು. ಕೋಟಿಗಟ್ಟಲೆ ಜನ ಅದನ್ನು ಕೇಳಿದರು.

ಕನ್ನಡ ರ‍್ಯಾಪಿನಲ್ಲಿ ಹೆಚ್ಚಾಗಿ ಕೇಳಿಸುವುದು ಬೆಂಗಳೂರಿನ ಮಾತು. ತೆಲುಗು ಬೆರೆತ ನಮ್ಮ ಗಡಿಯ ಕನ್ನಡ, ಮಳೆ ಕೈಕೊಟ್ಟ ಶೇಂಗಾ ಹೊಲ, ನೀರು ಬಾರದ ಬೋರ್‌ವೆಲ್, ಮೊಳಕಾಲ್ಮುರಿನ ರೇಷ್ಮೆ ಮಗ್ಗದ ಮುಂದೆ ಕೂತವರ ದಿನಚರಿ, ದುಡಿಮೆಗೆಂದು ಬೆಂಗಳೂರಿನ ಬಸ್ಸು ಹತ್ತುವವರ ಲೆಕ್ಕಾಚಾರ, ಇವಕ್ಕೆಲ್ಲ ಅಲ್ಲಿ ಜಾಗವಿದೆ. ಬ್ರಾಂಕ್ಸಿನ ಹುಡುಗರು ತಮ್ಮ ಕೇರಿಯ ಮಾತನ್ನು ತಿದ್ದದೆ ಆಡಿದ್ದರಿಂದಲೇ ಲೋಕ ಕಿವಿಗೊಟ್ಟಿತು. ಹುಡುಗ ಹುಡುಗಿಯರು ನಾಲ್ಕೆಣಿಕೆಯ ತಾಳಕ್ಕೆ ತಮ್ಮ ಊರಿನ ಬಗ್ಗೆ ನಾಲ್ಕು ಸಾಲು ಬರೆಯಲಿ, ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಲಿ. ಹಿರಿಯರು ಅದನ್ನು ಕೂತು ಕೇಳಿ, ತಾಳ ತಪ್ಪಿದಲ್ಲಿ ತಿದ್ದಿ, ತಮಗೆ ಬರುವ ಒಂದು ಪದವನ್ನು ಅವರಿಗೆ ಕಲಿಸಲಿ.