ಕಿಟಕಿಗೆ ಸೊಳ್ಳೆ ಜಾಲರಿ

ಮನೆಗೆ ಕಿಟಕಿ ಇಡುವುದು ಗಾಳಿ ಬೆಳಕುಗಳಿಗಾಗಿ. ಆದರೆ ಸಂಜೆಯಾಗುತ್ತಲೇ ಅದೇ ಕಿಟಕಿಯಿಂದ ಸೊಳ್ಳೆಗಳೂ ಒಳಗೆ ಬರುತ್ತವೆ. ಅವುಗಳಿಗೆ ಅಂಜಿ ಅನೇಕರು ಕಿಟಕಿಯನ್ನೇ ಮುಚ್ಚಿ, ಸೆಕೆಯಲ್ಲಿ ಬೇಯುತ್ತ ಮಲಗುವುದುಂಟು. ಗಾಳಿಯನ್ನು ಬಿಟ್ಟುಕೊಂಡು ಸೊಳ್ಳೆಯನ್ನು ಮಾತ್ರ ತಡೆಯುವ ಸರಳ ಸಾಧನವೇ ಜಾಲರಿಯ ಚೌಕಟ್ಟು. ಪತಿಪತ್ನಿಯರಿಬ್ಬರೂ ಕೈಗೂಡಿಸಿದರೆ ಬಿಡುವಿನ ದಿನಗಳಲ್ಲಿ ಇದನ್ನು ಮನೆಯಲ್ಲಿಯೇ ಸಿದ್ಧಪಡಿಸಬಹುದು.

ಜಾಲರಿ ಏಕೆ ಬೇಕು?

ಮಲೇರಿಯಾವನ್ನು ಹರಡುವುದು ಅನಾಫಿಲಿಸ್ ಜಾತಿಯ ಹೆಣ್ಣು ಸೊಳ್ಳೆ. ಇದು ಸಂಜೆಯಿಂದ ಬೆಳಗಿನವರೆಗೆ ಕಚ್ಚುತ್ತದೆ. 1897ರಲ್ಲಿ ರೊನಾಲ್ಡ್ ರಾಸ್ ಅವರು ಸಿಕಂದರಾಬಾದಿನಲ್ಲಿ ಈ ರೋಗದ ಜೀವಾಣುವನ್ನು ಸೊಳ್ಳೆಯ ಜಠರದಲ್ಲಿ ಕಂಡರು. 1900ರಲ್ಲಿ ಸ್ಯಾಂಬನ್ ಮತ್ತು ಲೋ ಎಂಬ ವೈದ್ಯರು ಇಟಲಿಯ ರೋಮ್ ನಗರದ ಸಮೀಪ, ಮಲೇರಿಯಾಕ್ಕೆ ಹೆಸರಾದ ಜೌಗು ಪ್ರದೇಶದಲ್ಲಿ, ಜಾಲರಿ ಹೊದಿಸಿದ ಗುಡಿಸಲೊಂದರಲ್ಲಿ ರೋಗದ ಕಾಲವನ್ನು ಕಳೆದರು. ಹಗಲಿನಲ್ಲಿ ಹೊರಗೆ ತಿರುಗಾಡಿ, ಸೂರ್ಯಾಸ್ತಕ್ಕೆ ಮುನ್ನ ಒಳಗೆ ಸೇರುತ್ತಿದ್ದರು. ಅವರಿಗೆ ಮಲೇರಿಯಾ ತಗಲಲಿಲ್ಲ.

ಮಲೇರಿಯಾ ಗರ್ಭಿಣಿಯರಿಗೆ ವಿಶೇಷವಾಗಿ ಅಪಾಯಕಾರಿ. ಅದರಿಂದ ರಕ್ತಹೀನತೆ ಉಂಟಾಗಬಹುದು, ಗರ್ಭಪಾತವಾಗಬಹುದು, ಮಗು ಕಡಿಮೆ ತೂಕದ್ದಾಗಿ ಹುಟ್ಟಬಹುದು. ಎಲ್ಲ ಕಿಟಕಿಗಳಿಗೂ ಒಮ್ಮೆಲೇ ಜಾಲರಿ ಹಾಕಿಸುವ ಅನುಕೂಲ ಎಲ್ಲರಿಗೂ ಇರುವುದಿಲ್ಲ. ಆದುದರಿಂದ ಗರ್ಭಿಣಿ, ಬಾಣಂತಿ ಮತ್ತು ಎಳೆಯ ಮಕ್ಕಳು ಮಲಗುವ ಕೋಣೆಗೆ ಮೊದಲ ಜಾಲರಿ ಸಲ್ಲಬೇಕು.

ಡೆಂಗಿ ಮತ್ತು ಚಿಕೂನ್‌ಗುನ್ಯಾ ರೋಗಗಳನ್ನು ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ. 2006ರಲ್ಲಿ ಚಿಕೂನ್‌ಗುನ್ಯಾ ನಮ್ಮ ರಾಜ್ಯದ ಅನೇಕ ಜಿಲ್ಲೆಗಳಲ್ಲಿ ಹರಡಿ, ದುಡಿಯುವ ಜನರನ್ನು ಕೀಲುನೋವಿನಿಂದ ವಾರಗಟ್ಟಲೆ ಮಲಗಿಸಿತು. ಹೀಗಾಗಿ ಜಾಲರಿಯು ಹಗಲಿರುಳೂ ಕಿಟಕಿಯಲ್ಲಿರತಕ್ಕದ್ದು.

ಬೇಕಾಗುವ ಸಾಮಗ್ರಿಗಳು

ಜಾಲರಿ: ಒಂದು ಅಂಗುಲದ ಉದ್ದದಲ್ಲಿ ಸುಮಾರು 16 ಕಣ್ಣುಗಳಿರುವ ಜಾಲರಿಯನ್ನು ಕೊಳ್ಳಿರಿ. ಕೋಳಿಗೂಡಿಗೆ ಬಳಸುವ ದೊಡ್ಡ ಕಣ್ಣಿನ ಬಲೆ ಉಪಯೋಗವಿಲ್ಲ. ಕರಾವಳಿಯಲ್ಲಿ ಕಬ್ಬಿಣದ ತಂತಿ ಬೇಗ ತುಕ್ಕು ಹಿಡಿಯುವುದರಿಂದ ಅಲ್ಯೂಮಿನಿಯಂ ಅಥವಾ ನೈಲಾನ್ ಜಾಲರಿ ಒಳ್ಳೆಯದು. ಒಲೆಯ ಸಮೀಪದ ಕಿಟಕಿಗೆ ನೈಲಾನ್ ಬೇಡ, ಅದು ಬಿಸಿಗೆ ಕರಗುತ್ತದೆ.

ಮರ: ಒಂದೂವರೆ ಅಂಗುಲ ಅಗಲ, ಮುಕ್ಕಾಲು ಅಂಗುಲ ದಪ್ಪದ ಪಟ್ಟಿಗಳು. ತೇಗ, ಹಲಸು, ಬೇವು ಯಾವುದಾದರೂ ಆಗಬಹುದು, ಆದರೆ ಚೆನ್ನಾಗಿ ಒಣಗಿರಬೇಕು. ಹಸಿ ಮರ ಒಣಗಿದಂತೆ ಸೊಟ್ಟಾಗಿ ಸಂದು ಬಿಡುತ್ತದೆ.

ಇತರೆ: ಜಾಲರಿಯ ಅಂಚಿನ ಮೇಲೆ ಹೊಡೆಯಲು ಅರ್ಧ ಅಂಗುಲದ ತೆಳು ಪಟ್ಟಿ, ಸಣ್ಣ ಮೊಳೆ, ತಿರುಪುಮೊಳೆ, ಎರಡು ಬಿಜಾಗರಿ, ಒಂದು ಚಿಲಕ ಮತ್ತು ಹಳೆಯ ಸೈಕಲ್ ಟ್ಯೂಬು.

ಮಾಡುವ ಕ್ರಮ

1. ಅಳತೆ: ಕಿಟಕಿಯ ಕಂಡಿಯ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ. ಎತ್ತರವನ್ನೂ ಹಾಗೆಯೇ ಅಳೆಯಿರಿ. ಹಳೆಯ ಮನೆಗಳಲ್ಲಿ ಈ ಅಳತೆಗಳು ಒಂದೇ ಆಗಿರುವುದು ಅಪರೂಪ. ಅತಿ ದೊಡ್ಡ ಅಳತೆಯನ್ನು ಹಿಡಿದು, ಪ್ರತಿ ಪಕ್ಕಕ್ಕೂ ಒಂದು ಅಂಗುಲ ಕೂಡಿಸಿರಿ. ಜಾಲರಿಯ ಚೌಕಟ್ಟು ಕಿಟಕಿಯ ಮರದ ಮೇಲೆ ಒಂದು ಅಂಗುಲದಷ್ಟು ಕುಳಿತರೆ ಸಂದು ಉಳಿಯುವುದಿಲ್ಲ.

ಉದಾಹರಣೆಗೆ, 24 ಅಂಗುಲ ಅಗಲ, 36 ಅಂಗುಲ ಎತ್ತರದ ಕಂಡಿಗೆ 26 ಅಂಗುಲದ ಎರಡು ಮತ್ತು 38 ಅಂಗುಲದ ಎರಡು ಪಟ್ಟಿಗಳು ಬೇಕು. ಒಟ್ಟು 128 ಅಂಗುಲ. ಕೊಯ್ತದ ನಷ್ಟವನ್ನೂ ಸೇರಿಸಿ 11 ಅಡಿ ಮರ ಸಾಕು.

2. ಕೂಡಿಸುವುದು: ಪಟ್ಟಿಗಳ ತುದಿಗಳನ್ನು ಒಂದೂವರೆ ಅಂಗುಲ ಉದ್ದಕ್ಕೆ, ಅರ್ಧ ದಪ್ಪದಷ್ಟು ಉಳಿಯಿಂದ ಕೆತ್ತಿ, ಒಂದರ ಮೇಲೊಂದು ಕೂರಿಸಿ ತಿರುಪುಮೊಳೆ ಹಾಕಿರಿ. ಬಿಗಿಯುವ ಮೊದಲು ಎದುರುಬದುರಿನ ಮೂಲೆಗಳ ನಡುವೆ ದಾರ ಹಿಡಿದು ನೋಡಿರಿ. ಎರಡು ಕಡೆಯ ದಾರವೂ ಸಮವಾಗಿದ್ದರೆ ಚೌಕಟ್ಟು ನೇರವಾಗಿದೆ ಎಂದರ್ಥ.

3. ಬಣ್ಣ: ಜಾಲರಿ ಹೊಡೆಯುವ ಮುನ್ನವೇ ಮರಕ್ಕೆ ಬಣ್ಣ ಅಥವಾ ಅಗಸೆ ಎಣ್ಣೆಯನ್ನು ಬಳಿದು ಒಣಗಿಸಿರಿ.

4. ಜಾಲರಿ ಹೊಡೆಯುವುದು: ಚೌಕಟ್ಟಿನ ಹೊರ ಅಳತೆಗೇ ಜಾಲರಿಯನ್ನು ಕತ್ತರಿಸಿ, ಅಂಚನ್ನು ಅರ್ಧ ಅಂಗುಲ ಮಡಿಸಿರಿ. ಮೊದಲು ಮೇಲಿನ ಅಂಚಿಗೆ ನಡುವಿನಿಂದ ಎರಡು ಪಕ್ಕಕ್ಕೂ, ಎರಡೆರಡು ಅಂಗುಲಕ್ಕೊಂದರಂತೆ ಮೊಳೆ ಹೊಡೆಯಿರಿ. ಅನಂತರ ಒಬ್ಬರು ಜಾಲರಿಯನ್ನು ಕೆಳಕ್ಕೆ ಬಿಗಿಯಾಗಿ ಎಳೆದು ಹಿಡಿಯಬೇಕು, ಇನ್ನೊಬ್ಬರು ಮೊಳೆ ಹೊಡೆಯಬೇಕು. ಪಕ್ಕದ ಅಂಚುಗಳು ಕೊನೆಗೆ. ಎಲ್ಲ ಅಂಚುಗಳ ಮೇಲೂ ತೆಳು ಪಟ್ಟಿಯನ್ನು ಹೊಡೆದರೆ ಜಾಲರಿ ಕಿತ್ತುಬರುವುದಿಲ್ಲ, ತಂತಿಯ ತುದಿಗಳು ಮಕ್ಕಳ ಕೈಗೆ ಚುಚ್ಚುವುದೂ ಇಲ್ಲ.

5. ಕೂರಿಸುವುದು: ಕಿಟಕಿಯ ಬಾಗಿಲುಗಳು ಹೊರಕ್ಕೆ ತೆರೆಯುವಂತಿದ್ದರೆ ಜಾಲರಿಯನ್ನು ಒಳಬದಿಗೆ, ಒಳಕ್ಕೆ ತೆರೆಯುವಂತಿದ್ದರೆ ಹೊರಬದಿಗೆ ಕೂರಿಸಬೇಕು. ಒಂದು ಪಕ್ಕಕ್ಕೆ ಬಿಜಾಗರಿ, ಇನ್ನೊಂದು ಪಕ್ಕಕ್ಕೆ ಚಿಲಕ ಹಾಕಿದರೆ ತೊಳೆಯಲು ಮತ್ತು ಕಿಟಕಿಯ ಬಾಗಿಲು ಹಾಕಲು ಅನುಕೂಲ. ಸೈಕಲ್ ಟ್ಯೂಬನ್ನು ಉದ್ದುದ್ದಕ್ಕೆ ಕತ್ತರಿಸಿ, ಚೌಕಟ್ಟು ಕಿಟಕಿಯ ಮರಕ್ಕೆ ತಾಗುವ ಕಡೆ ಸುತ್ತಲೂ ಹೊಡೆಯಿರಿ.

ಪರೀಕ್ಷೆ

ಹಗಲಿನಲ್ಲಿ ಕೋಣೆಯ ಬಾಗಿಲನ್ನು ಮುಚ್ಚಿ ಒಳಗೆ ನಿಂತು ನೋಡಿರಿ. ಚೌಕಟ್ಟಿನ ಸುತ್ತ ಬೆಳಕಿನ ಗೆರೆ ಕಂಡಲ್ಲಿ ಸಂದು ಇದೆ. ಬೆಂಕಿಕಡ್ಡಿ ತೂರುವಷ್ಟು ಸಂದಿನಲ್ಲಿ ಸೊಳ್ಳೆಯೂ ತೂರಬಲ್ಲದು. ಕಿಟಕಿಯೊಂದನ್ನು ಮುಚ್ಚಿ ಬೆಳಕಿಂಡಿ, ಗವಾಕ್ಷಿ, ಗೋಡೆಗೂ ಸೂರಿಗೂ ನಡುವಿನ ತೆರವುಗಳನ್ನು ಹಾಗೆಯೇ ಬಿಟ್ಟರೆ ಪಟ್ಟ ಶ್ರಮ ವ್ಯರ್ಥವಾಗುತ್ತದೆ. ಅವುಗಳಿಗೂ ಜಾಲರಿ ಬೇಕು. ಆದರೆ ಒಲೆಯ ಹೊಗೆ ಹೋಗುವ ದಾರಿಯನ್ನು ಎಂದಿಗೂ ಮುಚ್ಚಬಾರದು.

ಪಾಲನೆ

ಧೂಳು ಕಟ್ಟಿದ ಜಾಲರಿ ಗಾಳಿಯನ್ನು ತಡೆಯುತ್ತದೆ. ತಿಂಗಳಿಗೊಮ್ಮೆ ಮೆದುವಾದ ಕುಂಚದಿಂದ ಉಜ್ಜಿ ತೊಳೆಯಿರಿ. ಹರಿದ ಸಣ್ಣ ತೂತನ್ನು ಅಂದೇ ಸೂಜಿದಾರದಿಂದ ಅಥವಾ ತೆಳು ತಂತಿಯಿಂದ ಹೊಲಿಯಿರಿ. ಸಂಜೆ ಸೂರ್ಯ ಮುಳುಗುವ ಮುನ್ನ ಬಾಗಿಲನ್ನು ಮುಚ್ಚುವ ಅಭ್ಯಾಸವಿರಲಿ.

ಜಾಲರಿಯೊಂದರಿಂದಲೇ ರಕ್ಷಣೆ ಪೂರ್ಣವಾಗುವುದಿಲ್ಲ ಎಂಬುದನ್ನು ಮರೆಯಬಾರದು. ರಾತ್ರಿ ಸೊಳ್ಳೆಪರದೆಯೊಳಗೆ ಮಲಗಿರಿ. ಮೊಟ್ಟೆಯು ಸೊಳ್ಳೆಯಾಗಲು ಸಾಮಾನ್ಯವಾಗಿ 7ರಿಂದ 10 ದಿನ ಹಿಡಿಯುವುದರಿಂದ, ತೊಟ್ಟಿ ಮತ್ತು ಹಂಡೆಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ, ಉಜ್ಜಿ ಒಣಗಿಸಿರಿ. ಜ್ವರ ಬಂದರೆ ತಡಮಾಡದೆ ಆಶಾ ಕಾರ್ಯಕರ್ತೆಗೆ ತಿಳಿಸಿ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತಪರೀಕ್ಷೆ ಮಾಡಿಸಿಕೊಳ್ಳಿರಿ. ಗರ್ಭಿಣಿಗೆ ಜ್ವರ ಬಂದರಂತೂ ಒಂದು ದಿನವೂ ಕಾಯಬಾರದು.

ದಂಪತಿಗಳು ಕೂಡಿ ಯೋಚಿಸಬೇಕಾದ ಪ್ರಶ್ನೆಗಳು

1. ನಿಮ್ಮ ಮನೆಯಲ್ಲಿ ಮೊದಲ ಜಾಲರಿ ಯಾವ ಕೋಣೆಗೆ ಬೇಕು? ಏಕೆ?
2. ಆ ಕೋಣೆಯಲ್ಲಿ ಕಿಟಕಿಯಲ್ಲದೆ ಬೇರೆ ಎಷ್ಟು ತೆರವುಗಳಿವೆ?
3. ಮನೆಯ ಸುತ್ತ ವಾರಕ್ಕಿಂತ ಹೆಚ್ಚು ಕಾಲ ನೀರು ನಿಲ್ಲುವ ಸ್ಥಳಗಳು ಯಾವುವು?