ಬೇಸರ ಬಂದಿತೆಂದು ಮಾತ್ರೆ ಬಿಡಬೇಡಿ



ತಾವು ಈ ಪುಸ್ತಿಕೆಯನ್ನು ಬಹುಶಃ ಹೊರರೋಗಿ ವಿಭಾಗದ ಬೆಂಚಿನ ಮೇಲೆ ಕುಳಿತು, ತಮ್ಮ ಚೀಟಿಯ ನಂಬರು ಕೂಗುವುದನ್ನು ಕಾಯುತ್ತಾ ಓದುತ್ತಿರಬಹುದು. ಬೆಳಿಗ್ಗೆ ಹಳ್ಳಿಯಿಂದ ಹೊರಡುವಾಗ ಬಸ್ಸು ತಪ್ಪಿರಬಹುದು. ಶಿವನಿ ಸ್ಟೇಷನ್ನಿನಲ್ಲಿ ರೈಲಿಗೆ ಕಾದು ಕಾದು ಕಾಲು ನೋವು ಬಂದಿರಬಹುದು. ರಾತ್ರಿ ತ್ರೀಫೇಸ್ ಕರೆಂಟು ಯಾವ ಹೊತ್ತಿಗೆ ಬರುತ್ತದೋ ಎಂದು ಎದ್ದು ತೋಟಕ್ಕೆ ನೀರು ಬಿಟ್ಟು, ನಿದ್ದೆಗೆಟ್ಟ ಕಣ್ಣಿನಲ್ಲೇ ಬಂದಿರಬಹುದು. ಇಷ್ಟೆಲ್ಲಾ ಆದ ಮೇಲೆ ರಕ್ತಪರೀಕ್ಷೆಯ ಚೀಟಿ ಕೈಗೆ ಬಂದು, ಶುಗರ್ ಕಳೆದ ಸಲಕ್ಕಿಂತ ಜಾಸ್ತಿ ಎಂದರೆ ಯಾರಿಗೆ ತಾನೆ ಬೇಸರವಾಗುವುದಿಲ್ಲ? "ಪಥ್ಯ ಮಾಡಿದ್ರೂ ಅಷ್ಟೇ, ಮಾಡದಿದ್ರೂ ಅಷ್ಟೇ, ಇನ್ಯಾಕೆ ಈ ಮಾತ್ರೆ" ಎಂಬ ಮಾತು ಆಗ ತಾನಾಗಿಯೇ ಬಾಯಿಗೆ ಬರುತ್ತದೆ. ಈ ಲೇಖನ ಆ ಒಂದು ಮಾತಿನ ಬಗ್ಗೆ.

ಮೊದಲು ನನ್ನ ತಪ್ಪೊಂದನ್ನು ಹೇಳಿಬಿಡುತ್ತೇನೆ. ರೋಗಿಗಳಿಗೆ ತಿಳುವಳಿಕೆ ಹೇಳುವ ಕೆಲಸಕ್ಕೆ ಹೊಸದಾಗಿ ಬಂದಾಗ ನಾನು ಎಲ್ಲರಿಗೂ "ಧೈರ್ಯವಾಗಿರಿ, ನಗುನಗುತ್ತಾ ಇರಿ, ಒಳ್ಳೆಯದನ್ನೇ ಯೋಚನೆ ಮಾಡಿ" ಎನ್ನುತ್ತಿದ್ದೆ. ಒಂದು ದಿನ ಸಕ್ಕರೆ ಕಾಯಿಲೆಯ ಒಬ್ಬ ಅಜ್ಜಿ ನನ್ನ ಮುಖವನ್ನೇ ನೋಡುತ್ತಾ, "ನಗ್ತಾ ಇರು ಅಂತೀಯಲ್ಲವ್ವಾ, ರಾತ್ರಿಯೆಲ್ಲಾ ಅಂಗಾಲು ಬೆಂಕಿಯಂಗೆ ಉರಿತೈತಲ್ಲ, ಅದುಕ್ಕೇನು ಹೇಳ್ತೀಯ?" ಎಂದರು. ನನಗೆ ಉತ್ತರ ತೋಚಲಿಲ್ಲ. ಅಂಗಾಲು ಉರಿಯುವುದು ಸಕ್ಕರೆ ಕಾಯಿಲೆಯಿಂದ ನರಗಳಿಗೆ ಆಗುವ ತೊಂದರೆಯ ಲಕ್ಷಣವಾಗಿರಬಹುದು, ಅದನ್ನು ಕಡಿಮೆ ಮಾಡುವ ಔಷಧಿಗಳಿವೆ. ಅಜ್ಜಿ ಅದನ್ನು ಡಾಕ್ಟರ ಹತ್ತಿರ ಹೇಳಿಯೇ ಇರಲಿಲ್ಲ. ನಾನೂ ಕೇಳಿರಲಿಲ್ಲ, ಬರೀ ಧೈರ್ಯ ಹೇಳಿದ್ದೆ. ಅಂದಿನಿಂದ ನಾನು ಮೊದಲು "ಏನು ತೊಂದರೆ?" ಎಂದು ಕೇಳುತ್ತೇನೆ, ಧೈರ್ಯದ ಮಾತು ಆಮೇಲೆ. ನೋವನ್ನು ನುಂಗಿಕೊಂಡು ನಗುವುದು ಸಕಾರಾತ್ಮಕ ಮನೋಭಾವ ಅಲ್ಲ. ನೋವು ಎಲ್ಲಿದೆ ಎಂದು ಬಾಯಿಬಿಟ್ಟು ಹೇಳಿ, ಅದರಲ್ಲಿ ಇವತ್ತು ನನ್ನ ಕೈಯಲ್ಲಿ ಆಗುವುದು ಎಷ್ಟು ಎಂದು ನೋಡುವುದು ಅದರ ನಿಜವಾದ ಅರ್ಥ.

ಸಿಟ್ಟು ಬಂದಾಗ ಮೈಯೊಳಗೆ ಏನಾಗುತ್ತದೆ?

ಮನಸ್ಸಿಗೂ ದೇಹಕ್ಕೂ ಸಂಬಂಧವಿದೆ ಎಂದು ಹಿರಿಯರು ಹೇಳುವುದು ಬರೀ ಮಾತಲ್ಲ. ಸಿಟ್ಟು, ಗಾಬರಿ, ಚಿಂತೆ ಬಂದಾಗ ಮೂತ್ರಪಿಂಡದ ಮೇಲೆ ಕುಳಿತಿರುವ ಅಡ್ರಿನಲ್ ಎಂಬ ಸಣ್ಣ ಗ್ರಂಥಿಗಳಿಂದ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ಎಂಬ ರಸಗಳು ರಕ್ತಕ್ಕೆ ಸೇರುತ್ತವೆ. ಎದೆಬಡಿತ ಜೋರಾಗುತ್ತದೆ, ರಕ್ತನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ. ಲಿವರ್ ತಾನು ಕೂಡಿಟ್ಟುಕೊಂಡ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಚಿರತೆ ಎದುರಾದಾಗ ಓಡಲು ಬೇಕಾದ ಶಕ್ತಿಗೆಂದು ಇರುವ ಏರ್ಪಾಡು ಇದು. ಆದರೆ ನಮಗೆ ಎದುರಾಗುವುದು ಚಿರತೆಯಲ್ಲ, ಬ್ಯಾಂಕಿನ ನೋಟೀಸು, ಸೊಸೆಯ ಮಾತು, ಕೆಟ್ಟುಹೋದ ಬೋರ್‌ವೆಲ್ ಮೋಟಾರು. ಓಡುವ ಕೆಲಸ ಇಲ್ಲ, ಸಕ್ಕರೆ ಮಾತ್ರ ರಕ್ತದಲ್ಲಿ ಉಳಿಯುತ್ತದೆ. ಆದ್ದರಿಂದಲೇ ಊಟದಲ್ಲಿ ಏನೂ ತಪ್ಪು ಮಾಡದವರಿಗೂ ಚಿಂತೆಯ ದಿನಗಳಲ್ಲಿ ಶುಗರ್ ಏರುವುದುಂಟು.

ಹಾಗೆಂದು ಚಿಂತೆ ಬಿಟ್ಟ ಮಾತ್ರಕ್ಕೆ ಕಾಯಿಲೆ ಹೋಗುತ್ತದೆ, ಮಾತ್ರೆ ಬೇಡ ಎಂದು ಯಾರಾದರೂ ಹೇಳಿದರೆ ದಯಮಾಡಿ ನಂಬಬೇಡಿ. ಒಳ್ಳೆಯ ಮನಸ್ಸು ಮಾತ್ರೆಯ ಜಾಗದಲ್ಲಿ ಕೂರಲಾರದು. ಮಾತ್ರೆಯನ್ನು ದಿನಾ ತಪ್ಪದೆ ನುಂಗಿಸುವುದಕ್ಕೆ ಅದು ಬೇಕು.

ಈರುಳ್ಳಿ ಬೆಳೆದವರೊಬ್ಬರ ವಿಚಾರ

ನಮ್ಮ ಸೀಮೆಯಲ್ಲಿ ಈರುಳ್ಳಿ ಬೆಳೆಯುವವರ ಕಷ್ಟ ನಾನು ಹೇಳಬೇಕಾಗಿಲ್ಲ. ಬಿತ್ತುವಾಗ ಮಳೆ ಇರುವುದಿಲ್ಲ, ಕೀಳುವಾಗ ಬಿಡುವುದಿಲ್ಲ. ಒಂದು ವರ್ಷ ಹೀಗೆಯೇ ಆಗಿ, ಉಳಿದ ಈರುಳ್ಳಿಯನ್ನು ಯಶವಂತಪುರದ ಮಂಡಿಗೆ ಹಾಕಿದ ಒಬ್ಬ ರೈತರಿಗೆ ಲಾರಿ ಬಾಡಿಗೆ, ಹಮಾಲಿ ಕಳೆದು ಕೈಯಲ್ಲಿ ಉಳಿದದ್ದು ಚೀಲದ ದುಡ್ಡಿಗೂ ಸಾಲಲಿಲ್ಲ. ವಯಸ್ಸು ಐವತ್ತು ದಾಟಿತ್ತು, ಆರು ವರ್ಷದಿಂದ ಬಿಪಿ ಮಾತ್ರೆ ನುಂಗುತ್ತಿದ್ದರು. ಊರಿಗೆ ಬಂದವರೇ ಮಾತ್ರೆಯ ಡಬ್ಬಿಯನ್ನು ಅಟ್ಟದ ಮೇಲೆ ಎಸೆದರಂತೆ. "ಬದುಕಿ ಏನು ಸಾಧನೆ ಮಾಡಾದೈತೆ" ಎಂದರಂತೆ. ಸುಮಾರು ನಲವತ್ತು ದಿನ ಮಾತ್ರೆ ಇಲ್ಲ. ತಲೆನೋವಿಲ್ಲ, ಸುಸ್ತಿಲ್ಲ, ಮೈ ಹಗುರವೇ ಇತ್ತು. ಬಿಪಿಯ ಮೋಸ ಇರುವುದೇ ಇಲ್ಲಿ. ಏರಿದರೂ ಬಹಳ ಜನಕ್ಕೆ ಗೊತ್ತಾಗುವುದಿಲ್ಲ. ಒಂದು ಬೆಳಿಗ್ಗೆ ಕಾಫಿ ಲೋಟ ಬಲಗೈಯಿಂದ ಜಾರಿತು, ಬಾಯಿ ಸೊಟ್ಟಗಾಯಿತು. ಲಕ್ವ ಹೊಡೆದಿತ್ತು.

ಇಲ್ಲಿ ಸ್ವಲ್ಪ ನಿಂತು ಒಂದು ವಿಷಯ ಹೇಳಬೇಕು. ಮುಖ ಒಂದು ಕಡೆ ವಾಲಿದರೆ, ಒಂದು ಕೈ ಅಥವಾ ಕಾಲಿನ ಬಲ ಇದ್ದಕ್ಕಿದ್ದಂತೆ ಕುಂದಿದರೆ, ಮಾತು ತೊದಲಿದರೆ ಆ ಕ್ಷಣವೇ 108ಕ್ಕೆ ಫೋನು ಮಾಡಿ. ಯಾವ ಗಂಟೆಗೆ ಶುರುವಾಯಿತು ಎಂಬುದನ್ನು ನೆನಪಿಟ್ಟುಕೊಳ್ಳಿ, ಡಾಕ್ಟರು ಮೊದಲು ಅದನ್ನೇ ಕೇಳುತ್ತಾರೆ. ಮಿದುಳಿನ ರಕ್ತನಾಳ ಹೆಪ್ಪುಗಟ್ಟಿ ಮುಚ್ಚಿಕೊಂಡಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೆ. ಸ್ಕ್ಯಾನ್ ಮಾಡಿ ನೋಡಿ, ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಅದನ್ನು ಕೊಡಬೇಕು. ನಾಟಿ ಔಷಧಿ, ಎಣ್ಣೆ ತಿಕ್ಕುವುದು ಎಂದು ಊರೂರು ಸುತ್ತಿದರೆ ಆ ಸಮಯ ಮತ್ತೆ ಸಿಗುವುದಿಲ್ಲ. ಬಾಯಿಗೆ ನೀರು, ಕಾಫಿ, ಮಾತ್ರೆ ಏನನ್ನೂ ಹಾಕಬೇಡಿ, ನುಂಗಲಾಗದೆ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ.

ಅವರ ಜೀವಕ್ಕೆ ಅಪಾಯವಾಗಲಿಲ್ಲ. ಬಲಗೈ ಮಾತ್ರ ಮರದ ಕೊರಡಿನಂತೆ ಬಿದ್ದಿತ್ತು. ವಾರ್ಡಿನಲ್ಲಿ ವ್ಯಾಯಾಮ ಮಾಡಿಸಲು ಹೋದರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ರಬ್ಬರ್ ಚೆಂಡು ಕೊಟ್ಟರೆ "ನಾನೇನು ಮಗೂನಾ?" ಎಂದು ತಳ್ಳುತ್ತಿದ್ದರು. ಅವರ ಮನೆಯವರು ಒಂದು ದಿನ ನನ್ನನ್ನು ಹೊರಗೆ ಕರೆದು, "ಸಿಸ್ಟರ್, ಇವರಿಗೆ ಊಟಕ್ಕಿಂತ ಪೂಜೆ ನಿಂತಿದ್ದೇ ಜಾಸ್ತಿ ಸಂಕಟ" ಎಂದು ಹೇಳಿದರು. ಇಷ್ಟಲಿಂಗವನ್ನು ಹಿಡಿಯುವುದು ಎಡ ಅಂಗೈಯಲ್ಲಿ, ಎಡಗೈ ಚೆನ್ನಾಗಿಯೇ ಇತ್ತು. ವಿಭೂತಿ ಧರಿಸಿ, ಪತ್ರೆ ಏರಿಸಬೇಕಾದ ಬಲಗೈ ಏಳುತ್ತಿರಲಿಲ್ಲ. ಅದನ್ನು ಯಾರ ಹತ್ತಿರವೂ ಹೇಳದೆ ಒಳಗೇ ಕೊರಗುತ್ತಿದ್ದರು.

ಮಾರನೆಯ ದಿನ ನಾವು ಚೆಂಡು ತೆಗೆದಿಟ್ಟೆವು. ಮಂಚದ ಮೇಲೆ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಎಡ ಅಂಗೈಯಲ್ಲಿ ಲಿಂಗ, ಬಲ ಮೊಣಕೈಗೆ ಅವರ ಹೆಂಡತಿಯ ಕೈಯ ಆಸರೆ, ಬೆರಳುಗಳ ನಡುವೆ ಒಂದು ಪತ್ರೆ. ಮೊದಲ ದಿನ ಪತ್ರೆ ತೊಡೆಯ ಮೇಲೆಯೇ ಬಿತ್ತು. ಹತ್ತು ಸಲ ಬಿತ್ತು. ಅವರು ಅತ್ತರು, ನಾವು ಅಳಲು ಬಿಟ್ಟೆವು. ಆದರೆ ಹನ್ನೊಂದನೆಯ ಪತ್ರೆಯನ್ನು ತಾವೇ ಕೇಳಿದರು. ದಿನಕ್ಕೆ ಎರಡು ಹೊತ್ತು ಇದೇ ಅವರ ವ್ಯಾಯಾಮವಾಯಿತು. ಇದು ಪವಾಡದ ಕಥೆಯಲ್ಲ. ರೋಗಿಗೆ ನಿಜವಾಗಿ ಬೇಕಾದ ಕೆಲಸವನ್ನೇ ಮತ್ತೆ ಮತ್ತೆ ಮಾಡಿಸಿದರೆ ಮಿದುಳು ಆ ಚಲನೆಯನ್ನು ಹೊಸದಾಗಿ ಕಲಿಯುತ್ತದೆ ಎಂಬುದು ಲಕ್ವ ಚಿಕಿತ್ಸೆಯಲ್ಲಿ ಒಪ್ಪಿಕೊಂಡಿರುವ ವಿಷಯ. ಮೊದಲ ಮೂರರಿಂದ ಆರು ತಿಂಗಳಲ್ಲಿ ಸುಧಾರಣೆ ಹೆಚ್ಚು, ಆಮೇಲೂ ನಿಧಾನವಾಗಿ ಆಗುತ್ತಿರುತ್ತದೆ. ಏಳನೆಯ ವಾರದ ಹೊತ್ತಿಗೆ ಪತ್ರೆ ಲಿಂಗದ ಮೇಲೆ ನಿಂತಿತು. ಈರುಳ್ಳಿ ಚೀಲದ ಬಾಯಿ ಹೊಲಿಯಲು ಇವತ್ತಿಗೂ ಆ ಕೈಯಲ್ಲಿ ಆಗುವುದಿಲ್ಲ, ಅದನ್ನು ಮಗ ಮಾಡುತ್ತಾನೆ.

ಬಿದ್ದ ಬೆಲೆಯನ್ನು ಎತ್ತುವುದು ಅವರ ಕೈಯಲ್ಲಿ ಇರಲಿಲ್ಲ. ಡಬ್ಬಿ ಎಸೆಯದೆ ಇರುವುದು ಇತ್ತು. ಈ ಮಾತನ್ನು ನಾನಲ್ಲ, ಅವರೇ ಈಗ ಬೇರೆ ರೋಗಿಗಳಿಗೆ ಹೇಳುತ್ತಾರೆ. ಸ್ವಲ್ಪ ಬೈಗುಳ ಸೇರಿಸಿ ಹೇಳುತ್ತಾರೆ, ಅದನ್ನು ಇಲ್ಲಿ ಬರೆಯುವಂತಿಲ್ಲ.

ರಿಪೋರ್ಟು ಕೆಟ್ಟದ್ದು ಬಂದಾಗ

ಒಂದು ದಿನದ ಅಂಕಿ ನೋಡಿ ಸೋತೆವೆಂದುಕೊಳ್ಳಬೇಡಿ. ಬಸ್ಸಿಳಿದು ಓಡೋಡಿ ಬಂದು ಕುರ್ಚಿಯಲ್ಲಿ ಕುಳಿತ ತಕ್ಷಣ ನೋಡಿದರೆ ಯಾರ ಬಿಪಿಯಾದರೂ ಹೆಚ್ಚೇ ಇರುತ್ತದೆ. ಐದು ನಿಮಿಷ ಬೆನ್ನು ಆನಿಸಿ, ಪಾದ ನೆಲಕ್ಕೆ ಊರಿ, ಮಾತಾಡದೆ ಕುಳಿತ ಮೇಲೆ ನೋಡಬೇಕು. ಅದಕ್ಕೆ ಅರ್ಧ ಗಂಟೆ ಮೊದಲು ಕಾಫಿ, ಬೀಡಿ ಬೇಡ. ನಮ್ಮವರು ಯಾರಾದರೂ ಅವಸರದಲ್ಲಿ ಪಟ್ಟಿ ಕಟ್ಟಲು ಬಂದರೆ "ಸ್ವಲ್ಪ ಸುಧಾರಿಸಿಕೊಳ್ತೀನಿ" ಎಂದು ತಾವು ಹೇಳಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆಗೆ ಎಚ್‌ಬಿಎ1ಸಿ ಎಂಬ ಪರೀಕ್ಷೆಯಿದೆ. ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ, ಅದಕ್ಕೆ ಅಂಟಿಕೊಂಡ ಸಕ್ಕರೆಯನ್ನು ಅಳೆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ತಿಳಿಯುತ್ತದೆ. ನಿನ್ನೆ ಮದುವೆ ಮನೆಯಲ್ಲಿ ತಿಂದ ಎರಡು ಹೋಳಿಗೆಯಿಂದ ಅದು ಕೆಡುವುದಿಲ್ಲ. ಹಾಗೆಯೇ ಪರೀಕ್ಷೆಗೆ ಮುಂಚೆ ಎರಡು ದಿನ ಉಪವಾಸವಿದ್ದರೆ ಸರಿಹೋಗುವುದೂ ಇಲ್ಲ!

ಮಾತ್ರೆ ಮರೆತರೆ ನೆನಪಾದಾಗ ತೆಗೆದುಕೊಳ್ಳಿ. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಬಿಟ್ಟುಬಿಡಿ, ಎರಡನ್ನೂ ಒಟ್ಟಿಗೆ ನುಂಗಬೇಡಿ. ಮರೆಯದಿರಲು ದಿನಾ ತಪ್ಪದ ಕೆಲಸಕ್ಕೆ ಮಾತ್ರೆಯನ್ನು ಗಂಟು ಹಾಕಿ. ಲಿಂಗಪೂಜೆ ಮಾಡುವವರು ವಿಭೂತಿ ತಟ್ಟೆಯ ಪಕ್ಕದಲ್ಲಿ, ನಮಾಜು ಮಾಡುವವರು, ದೀಪ ಹಚ್ಚುವವರು ಆ ಜಾಗದಲ್ಲಿ ಡಬ್ಬಿ ಇಟ್ಟುಕೊಳ್ಳಲಿ. ಶ್ರಾವಣ ಸೋಮವಾರ, ಶಿವರಾತ್ರಿಗೆ ಉಪವಾಸ ಮಾಡುವ ಶುಗರ್ ರೋಗಿಗಳು ಮೊದಲೇ ಡಾಕ್ಟರನ್ನು ಕೇಳಬೇಕು. ಇನ್ಸುಲಿನ್ ಚುಚ್ಚಿಕೊಂಡು ಊಟ ಬಿಟ್ಟರೆ ಸಕ್ಕರೆ ತೀರಾ ಇಳಿದು ಬೆವರು, ನಡುಕ, ಬುದ್ಧಿಭ್ರಮೆ ಬರಬಹುದು. ಎಚ್ಚರವಿದ್ದರೆ ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ವ್ರತ ಕೆಟ್ಟಿತೆಂದು ಯೋಚಿಸಬೇಡಿ.

ದೊಡ್ಡವರ ಉದಾಹರಣೆ ಕೊಡಲು ನನಗೆ ಸ್ವಲ್ಪ ಹಿಂಜರಿಕೆ, ಏಕೆಂದರೆ "ಅವರು ಮಹಾತ್ಮರು ಬಿಡಿ" ಎಂದು ಎಲ್ಲರೂ ತಪ್ಪಿಸಿಕೊಳ್ಳುತ್ತಾರೆ. ಆದರೂ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಗವಾಯಿಗಳ ವಿಚಾರ ಹೇಳಲೇಬೇಕು. 1995ರ ಸಿನಿಮಾ ನೋಡಿದವರಿಗೆ ಪಂಚಾಕ್ಷರ ಗವಾಯಿಗಳ ಕಥೆ ಗೊತ್ತಿದೆ. ಕಣ್ಣಿಲ್ಲದ ಅವರು ಕಣ್ಣಿಲ್ಲದ ಮಕ್ಕಳನ್ನು ಸೇರಿಸಿಕೊಂಡು ಸಂಗೀತ ಕಲಿಸಿದರು. 1944ರಲ್ಲಿ ಅವರು ಲಿಂಗೈಕ್ಯರಾದಾಗ ಆ ಎಲ್ಲ ಮಕ್ಕಳ ಅನ್ನದ ಭಾರ, ಬಾಲ್ಯದಲ್ಲೇ ದೃಷ್ಟಿ ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳ ಹೆಗಲಿಗೆ ಬಿತ್ತು. ಆಗ ಅವರ ವಯಸ್ಸು ಮೂವತ್ತು. ಅವರು ನಾಟಕ ಬರೆದರು, ಕಂಪನಿ ನಡೆಸಿದರು, ಊರೂರಿಗೆ ಹೋದರು. 2010ರಲ್ಲಿ ಪದ್ಮಭೂಷಣ ಬಂತು, ಅದೇ ವರ್ಷ ಲಿಂಗೈಕ್ಯರಾದರು. ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ಪ್ರಶಸ್ತಿಯಲ್ಲ, ನಾಳೆ ಬೆಳಿಗ್ಗೆ ಮಕ್ಕಳಿಗೆ ಏನು ಊಟ ಎಂಬ ಪ್ರಶ್ನೆಯನ್ನು ಅಷ್ಟು ವರ್ಷ ದಿನವೂ ಎದುರಿಸಿದ್ದು.

ಮನೆಯವರಿಗೆ ಎರಡು ಮಾತು

ರೋಗಿಯ ಸಿಟ್ಟೆಲ್ಲಾ ಬೀಳುವುದು ಹತ್ತಿರ ಇರುವವರ ಮೇಲೆ. ಗಂಜಿ ಬಿಸಿಯಾಯಿತು ಎಂದು ಬೈಯುವವರಿಗೆ ನಿಜವಾಗಿ ಗಂಜಿಯ ಮೇಲೆ ಸಿಟ್ಟಿರುವುದಿಲ್ಲ. ಆದರೂ ದಿನವಿಡೀ ಕೇಳಿಸಿಕೊಂಡರೆ ನಿಮಗೂ ಸಾಕಾಗುತ್ತದೆ. ಸಂಜೆ ಅರ್ಧ ಗಂಟೆ ಬೇರೆಯವರನ್ನು ಕೂರಿಸಿ ಹೊರಗೆ ಹೋಗಿ ಬನ್ನಿ. ದಾಸೋಹದಲ್ಲಿ ಊಟ ಮಾಡಿ, ಹಸಿದುಕೊಂಡು ಸೇವೆ ಮಾಡಬೇಡಿ.

ಎರಡು ವಾರ ದಾಟಿದರೂ ಮನಸ್ಸು ಮೇಲೇಳದಿದ್ದರೆ, ನಿದ್ದೆ, ಊಟ ಬಿಟ್ಟುಹೋಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಅದು ಬೇಸರ ಅಲ್ಲ, ಖಿನ್ನತೆ ಎಂಬ ಕಾಯಿಲೆ ಇರಬಹುದು. ಅದಕ್ಕೆ "ಮನಸ್ಸು ಗಟ್ಟಿ ಮಾಡ್ಕೋ" ಎಂದು ಹೇಳಿ ಕೂರಬೇಡಿ, ಶುಗರ್‌ಗೆ ಇರುವಂತೆ ಅದಕ್ಕೂ ಚಿಕಿತ್ಸೆ ಇದೆ. "ನಾನು ಇರಬಾರದು" ಎಂಬ ಮಾತು ಬಂದರಂತೂ ಎರಡು ವಾರ ಕಾಯಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ, ಕೀಟನಾಶಕದ ಡಬ್ಬಿಗಳನ್ನು ಮನೆಯಿಂದ ದೂರ ಬೀಗ ಹಾಕಿಡಿ, ಅಂದೇ ಆಸ್ಪತ್ರೆಗೆ ಕರೆತನ್ನಿ. 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಈರುಳ್ಳಿಯ ಯಜಮಾನರು ಈಗ ಎರಡು ತಿಂಗಳಿಗೊಮ್ಮೆ ಬರುತ್ತಾರೆ. ಮಂಡಿ ಲೆಕ್ಕ ಬರೆಯುವ ಉದ್ದನೆಯ ಪುಸ್ತಕದ ಹಿಂದಿನ ಹಾಳೆಗಳಲ್ಲಿ ತಾರೀಖು, ಬಿಪಿ, ಮಾತ್ರೆ ನುಂಗಿದ್ದಕ್ಕೆ ಒಂದು ಗೀಟು, ಎಲ್ಲವನ್ನೂ ಎಡಗೈಯಲ್ಲಿ ಬರೆದಿರುತ್ತಾರೆ. ಅಕ್ಷರ ಸೊಟ್ಟಗಿದ್ದರೂ ಡಾಕ್ಟರಿಗೆ ಅರ್ಥವಾಗುತ್ತದೆ. ಗೀಟು ಇಲ್ಲದ ದಿನಗಳೂ ಅಲ್ಲಲ್ಲಿ ಇವೆ, ಅವನ್ನು ಅವರು ಮುಚ್ಚಿಡುವುದಿಲ್ಲ. ತಮ್ಮ ಮನೆಯಲ್ಲೂ ಅರ್ಧ ಖಾಲಿಯಿರುವ ಯಾವುದಾದರೂ ಪುಸ್ತಕ ಇದ್ದೇ ಇರುತ್ತದೆ. ಮುಂದಿನ ಸಲ ಬರುವಾಗ ಚೀಟಿಯ ಜೊತೆ ಅದನ್ನೂ ತನ್ನಿ.