ಮೂಲಂಗಿ: ಒಂದು ಪಾಕವಿಚಾರ

ಹೇಮಂತ ಶಿಶಿರ ಋತುಗಳಲ್ಲಿ ನಮ್ಮ ಸಂತೆಗಳಲ್ಲಿ ಹೇರಳವಾಗಿ, ಸುಲಭ ಬೆಲೆಗೆ ದೊರೆಯುವ ಶಾಕಗಳಲ್ಲಿ ಮೂಲಂಗಿಯೂ ಒಂದು. 'ಮೂಲ'ವೆಂದರೆ ಬೇರು, ಬೇರೇ ಪ್ರಧಾನವಾದುದರಿಂದ ಸಂಸ್ಕೃತದಲ್ಲಿ ಇದು 'ಮೂಲಕ'ವೆನಿಸಿತು. ಆದರೆ ವಿದ್ಯಾರ್ಥಿನಿಲಯಗಳ ಪಂಕ್ತಿಯಲ್ಲಿ ಬಾಲಕರು ಎಲೆಯ ಅಂಚಿಗೆ ಸರಿಸುವ ಶಾಕವೂ ಇದೇ ಆಗಿದೆ. ನಿತ್ಯವೂ ಹುಳಿಯೊಂದನ್ನೇ ಮಾಡಿ ಬಡಿಸಿ, ಒಲ್ಲೆನೆಂದವರನ್ನು ಗದರಿಸಿ ಫಲವೇನು? ಭಕ್ತರು ಪ್ರೀತಿಯಿಂದ ತಂದೊಪ್ಪಿಸಿದ ಕಾಯಿಪಲ್ಯವು ವ್ಯರ್ಥವಾಗಬಾರದೆಂದರೆ, ಪದಾರ್ಥದ ಗುಣವನ್ನರಿತು ಪಾಕವನ್ನು ಬದಲಿಸಬೇಕು.

ಪಾಕವಿಚಾರವು ಪಂಡಿತರಿಗೆ ತಕ್ಕುದಲ್ಲವೆಂದು ನಮ್ಮ ಹಿರಿಯರು ಬಗೆದಿರಲಿಲ್ಲ. ಕ್ರಿ.ಶ. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ತನ್ನ 'ಲೋಕೋಪಕಾರ'ದಲ್ಲಿ ಸೂಪಶಾಸ್ತ್ರಕ್ಕೂ ಎಡೆಗೊಟ್ಟನು. ಮೂರನೆಯ ಮಂಗರಸನು ಅದಕ್ಕಾಗಿ 'ಸೂಪಶಾಸ್ತ್ರ'ವೆಂಬ ಕಾವ್ಯವನ್ನೇ ರಚಿಸಿದನು. ಚರಕ ಸಂಹಿತೆಯಂತೂ ಮೂಲಂಗಿಯ ಅವಸ್ಥಾಭೇದವನ್ನು ಸ್ಪಷ್ಟವಾಗಿ ಹೇಳಿದೆ: ಎಳೆಯದು ದೋಷಹರ, ಬಲಿತದ್ದು ತ್ರಿದೋಷಕಾರಿ, ಸ್ನೇಹದಲ್ಲಿ ಬೆಂದದ್ದು ವಾತಹರ, ಒಣಗಿದ್ದು ಕಫವಾತಹರ. ಪದಾರ್ಥವೊಂದೇ; ಅವಸ್ಥೆ ಬದಲಾದರೆ ಗುಣವೂ ಬದಲಾಗುತ್ತದೆ.

ಆಧುನಿಕ ವಿಜ್ಞಾನವೂ ಇದಕ್ಕೆ ಹೊಂದುವ ಸಂಗತಿಯೊಂದನ್ನು ತಿಳಿಸುತ್ತದೆ. ಅಖಂಡವಾದ ಮೂಲಂಗಿಯಲ್ಲಿ ಘಾಟು ಸಿದ್ಧವಾಗಿರುವುದಿಲ್ಲ. ಗಂಧಕಯುಕ್ತ ದ್ರವ್ಯವೊಂದು, ಅದನ್ನು ಒಡೆಯುವ ಕಿಣ್ವವೊಂದು ಅದರಲ್ಲಿ ಬೇರೆ ಬೇರೆಯಾಗಿ ಇರುತ್ತವೆ. ಕೊಯ್ದಾಗ, ತುರಿದಾಗ ಅವೆರಡೂ ಕೂಡಿ ಘಾಟು ಹುಟ್ಟುತ್ತದೆ; ಕಾವು ತಾಗಿದರೆ ಕಿಣ್ವವು ಕೆಡುತ್ತದೆ. ಆದುದರಿಂದ ಘಾಟು ಬೇಡವಾದಲ್ಲಿ ಸಿಪ್ಪೆಯನ್ನು ದಪ್ಪನಾಗಿ ತೆಗೆದು, ದೊಡ್ಡ ಹೋಳುಗಳನ್ನು ಮಾಡಿ, ಕೂಡಲೇ ಕುದಿಯುವ ನೀರಿಗೆ ಹಾಕಿ, ಮುಚ್ಚಳವಿಲ್ಲದೆ ಬೇಯಿಸತಕ್ಕದ್ದು.

ಇನ್ನು ಪಾಕಭೇದಗಳು. ಎಳೆಯ ಮೂಲಂಗಿಯನ್ನು ತುರಿದು, ನೆನೆದ ಹೆಸರುಬೇಳೆ, ಕಾಯಿತುರಿ, ನಿಂಬೆರಸ ಬೆರೆಸಿದರೆ ಕೋಸಂಬರಿಯಾಗುತ್ತದೆ. ಉಪ್ಪು ನೀರನ್ನು ಸೆಳೆಯುವುದರಿಂದ ಅದನ್ನು ಬಡಿಸುವ ಹೊತ್ತಿಗೆ ಮಾತ್ರ ಹಾಕಬೇಕು. ತುಸು ಬಲಿತದ್ದನ್ನು ತುರಿದು ಉಪ್ಪು ಬೆರೆಸಿ, ಕಾಲು ಗಂಟೆಯ ಮೇಲೆ ಹಿಂಡಿ, ಜೋಳದ ಹಿಟ್ಟು, ಕಡಲೆಹಿಟ್ಟು, ಹಸಿಮೆಣಸಿನಕಾಯಿ, ಜೀರಿಗೆ, ಕೊತ್ತಂಬರಿಗಳೊಡನೆ ಕಲಸಿ, ಕಾವಲಿಯ ಮೇಲೆ ಎಣ್ಣೆ ಬಿಟ್ಟು ತಾಲಿಪಟ್ಟು ತಟ್ಟಬಹುದು. ಹಿಂಡಿದ ನೀರನ್ನು ಚೆಲ್ಲದೆ ಅದರಿಂದಲೇ ಹಿಟ್ಟನ್ನು ಕಲಸಬೇಕು. ಹುಳಿಯನ್ನೂ ತಿನ್ನದ ಬಾಲಕನು ಇದನ್ನು ಇನ್ನೊಂದು ಕೇಳಿ ಹಾಕಿಸಿಕೊಂಡಾನು. ಮಿಕ್ಕುದನ್ನು ತೆಳುವಾಗಿ ಹೆಚ್ಚಿ ಬಿಸಿಲಿನಲ್ಲಿ ಗರಿಗರಿಯಾಗುವಂತೆ ಒಣಗಿಸಿಟ್ಟರೆ, ಬೇಸಿಗೆಯಲ್ಲಿ ಬಿಸಿನೀರಿನಲ್ಲಿ ನೆನೆಸಿ ಬೇಳೆಯೊಡನೆ ಬೇಯಿಸಬಹುದು. ಜಪಾನೀಯರು ಹೀಗೆ ಎಳೆಯೆಳೆಯಾಗಿ ಸೀಳಿ ಒಣಗಿಸಿಡುವುದು ಪ್ರಸಿದ್ಧವಾಗಿದೆ.

ಸೊಪ್ಪನ್ನು ದನಗಳ ಮುಂದೆ ಎಸೆಯುವುದು ದೊಡ್ಡ ನಷ್ಟ. ಬೇರಿನಲ್ಲಿ ಬಹುಭಾಗ ನೀರೇ. ಸುಣ್ಣಾಂಶ, ಅನ್ನಾಂಗಗಳು ಸೊಪ್ಪಿನಲ್ಲಿಯೇ ಹೆಚ್ಚು. ಅದನ್ನು ಸಣ್ಣಗೆ ಹೆಚ್ಚಿ, ಬೆಳ್ಳುಳ್ಳಿಯ ಒಗ್ಗರಣೆಯಲ್ಲಿ ಬಾಡಿಸಿ, ಕಡಲೆಹಿಟ್ಟನ್ನು ಉದುರಿಸಿದರೆ ರೊಟ್ಟಿಗೆ ಒಪ್ಪುವ ಪಲ್ಯವಾಗುತ್ತದೆ.

ಒಂದೇ ಪಾಠವನ್ನು ಒಂದೇ ರೀತಿಯಲ್ಲಿ ಹೇಳಿ, ತಿಳಿಯಲಿಲ್ಲವೆಂದು ಶಿಷ್ಯನನ್ನು ದೂರುವ ಗುರುವಿಗೂ, ಒಂದೇ ಹುಳಿಯನ್ನು ಮಾಡಿ ಮೂಲಂಗಿಯನ್ನು ದೂರುವ ಬಾಣಸಿಗನಿಗೂ ಭೇದವಿಲ್ಲ. ಅವಸ್ಥೆಯನ್ನರಿತು ಸಂಸ್ಕಾರ ಕೊಡುವುದೇ ಇಬ್ಬರ ಕರ್ತವ್ಯ. ಪಾಠಶಾಲೆ ಪಾಕಶಾಲೆಗಳೆರಡೂ ಈ ವಿವೇಕವನ್ನು ಪಡೆದಲ್ಲಿ ಎಲೆಯ ಅಂಚು ತಾನಾಗಿಯೇ ಬರಿದಾಗುವುದು.